ಗೀಟು ಎಳೆದ ತಾರೀಕು

ವೆಬ್ ಪುಟಗಳನ್ನು ಪ್ರೋಗ್ರಾಮಿನಿಂದ ಓದಿಸಿ ಮಾಹಿತಿ ತೆಗೆಯುವ ಕೆಲಸ ಸಿಕ್ಕಿತು ಎಂದು ಯಾರಾದರೂ ಸಂತೋಷದಿಂದ ಹೇಳಿದರೆ ನನಗೆ ಮೊದಲು ಬರುವುದು ಸಿಟ್ಟು. ಅವರ ಮೇಲಲ್ಲ, ಆ ಪುಟಗಳ ಮೇಲೆ. ನಿವೃತ್ತಳಾಗಿ ಮನೆಯಲ್ಲಿ ಕೂತಿದ್ದರೂ ಮೊಬೈಲಿನಲ್ಲಿ ಒಂದು ಪಟ್ಟಿ ಕಂಡರೆ ಸಾಕು, ಇದರ ಹಿಂದೆ ಯಾವ ಪುಣ್ಯಾತ್ಮ ಏನೇನು ಬರೆದಿಟ್ಟಿದ್ದಾನೋ ಎಂದು ಹಲ್ಲು ಕಡಿಯುತ್ತೇನೆ. ಈ ಕೆಲಸಕ್ಕೆ ಬರುತ್ತಿರುವ ಮಕ್ಕಳಿಗೆ ಇದು ಗೊತ್ತಿರಲಿ ಎಂದು ಬರೆಯುತ್ತಿದ್ದೇನೆ. ಸಂಬಳ ಎಷ್ಟು, ಬಡ್ತಿ ಯಾವಾಗ ಎಂಬುದನ್ನು ಬೇರೆಯವರ ಹತ್ತಿರ ಕೇಳಿಕೊಳ್ಳಿ.

ನಾನು ಪಣಕಹಳ್ಳಿಯ ಮಾದೇವಿ. ತಮಿಳುನಾಡಿಗೆ ಸೇರಿದ ನಮ್ಮ ತಾಳವಾಡಿಯಲ್ಲಿ ಒಂದು ಸಣ್ಣ ಸಂಘವಿದೆ. ಬೆಟ್ಟದ ಮೇಲಿನ ಊರುಗಳಿಗೆ ಸುದ್ದಿ ತಲುಪಿಸುವುದು ಅದರ ಕೆಲಸ. ಯಾವ ಊರಲ್ಲಿ ಯಾವತ್ತು ಆರೋಗ್ಯ ಕ್ಯಾಂಪು, ಯಾವತ್ತು ದನಗಳಿಗೆ ಸೂಜಿ, ಇಂಥವು. ಸುದ್ದಿಯೆಲ್ಲ ಬರುವುದು ಘಾಟಿಯ ಕೆಳಗಿನಿಂದ, ತಮಿಳಿನಲ್ಲಿ. ಮನೆಯಲ್ಲಿ ಕನ್ನಡವಾಡುವ ನಮ್ಮವರು ತಮಿಳನ್ನು ಸಂತೆಯಲ್ಲಿ, ಆಪೀಸಿನಲ್ಲಿ ನೀರು ಕುಡಿದಂತೆ ಮಾತಾಡುತ್ತಾರೆ. ಆದರೆ ವಯಸ್ಸಾದವರಲ್ಲಿ ಅದನ್ನು ಓದಬಲ್ಲವರು ಕಡಿಮೆ. ಓದೇ ಬರದವರೂ ಬಹಳ. ಅದಕ್ಕೇ ಸುದ್ದಿಯನ್ನು ಕನ್ನಡದಲ್ಲಿ, ಫೋನಿನಲ್ಲಿ, ದನಿಯಲ್ಲೇ ಹೇಳಬೇಕು ಎಂದು ಸಂಘ ತೀರ್ಮಾನಿಸಿತು. ಆ ದನಿ ನನ್ನದು. ಊರಿನ ಹೆಸರು, ವಾರದ ಹೆಸರು, ಕ್ಯಾಂಪಿನ ಹೆಸರು ಎಲ್ಲವನ್ನೂ ಒಂದೊಂದಾಗಿ ನನ್ನ ಬಾಯಲ್ಲೇ ಹೇಳಿಸಿ ಕಂಪ್ಯೂಟರಿಗೆ ತುಂಬಿದ್ದರು. ಪ್ರೋಗ್ರಾಮು ಆ ತುಂಡುಗಳನ್ನು ಜೋಡಿಸಿ ಮನೆಮನೆಗೆ ಫೋನು ಮಾಡುತ್ತಿತ್ತು. ಬಸ್ಸಿನಲ್ಲಿ ನಾನು ಟಿಕೆಟ್ ಕೇಳಿದರೆ ಮುಂದಿನ ಸೀಟಿನವರು ತಿರುಗಿ ನೋಡಿ, ಪೋನಕ್ಕ ಬಂದವ್ಳೆ ಎನ್ನುತ್ತಿದ್ದರು.

ನಾನು ಸೇರಿದ್ದು ಟೈಪಿಸ್ಟಾಗಿ. ಮೊದಮೊದಲು ಪುಟವನ್ನು ಕಣ್ಣಲ್ಲೇ ಓದಿ, ಕೈಯಲ್ಲೇ ಟೈಪು ಮಾಡುತ್ತಿದ್ದೆ. ಆಗ ಒಂದು ತೊಂದರೆಯೂ ಇರಲಿಲ್ಲ ಎಂದು ಈಗ ಅನಿಸುತ್ತದೆ. ಆಮೇಲೆ ಪುಟಗಳು ಹೆಚ್ಚಾದವು, ಊರುಗಳು ಹೆಚ್ಚಾದವು. ನಮ್ಮ ಕಾರ್ಯದರ್ಶಿ ಚನ್ನಬಸಪ್ಪನವರು ಎಲ್ಲಿಯೋ ಒಂದು ಸಭೆಗೆ ಹೋಗಿ ‘ಆಟೋಮ್ಯಾಟಿಕ್’ ಎಂಬ ಮಾತನ್ನು ಕಲಿತು ಬಂದರು. ಅಲ್ಲಿಗೆ ನನ್ನ ನೆಮ್ಮದಿ ಮುಗಿಯಿತು. ನನ್ನನ್ನು ಕೆಳಗಿನ ಪೇಟೆಯ ತರಬೇತಿಗೆ ಕಳಿಸಿದರು. ತಲೆಯಲ್ಲಿ ಒಂದೆರಡು ಬಿಳಿಕೂದಲು ಕಾಣಿಸಿಕೊಂಡ ವಯಸ್ಸಿನಲ್ಲಿ, ಹದಿಹರೆಯದವರ ಪಕ್ಕ ಕೂತು ನಾನು ಪ್ರೋಗ್ರಾಮು ಬರೆಯುವುದನ್ನು ಕಲಿತೆ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ನೀವು ನೋಡುವ ಪುಟ ಬೇರೆ, ಅದರ ಹಿಂದೆ ಬರೆದಿರುವುದು ಬೇರೆ. ಹಿಂದೆ ಎಲ್ಲವೂ ಗುರುತುಗಳು. ಇಲ್ಲಿ ಪಟ್ಟಿ ಶುರು, ಇಲ್ಲಿ ಸಾಲು ಶುರು, ಇಲ್ಲಿ ದಪ್ಪ ಅಕ್ಷರ, ಇಲ್ಲಿಗೆ ದಪ್ಪ ಅಕ್ಷರ ಮುಗಿಯಿತು. ಈ ಗುರುತುಗಳಿಗೆ ಟ್ಯಾಗು ಎನ್ನುತ್ತಾರೆ. ಮೊದಲು ನಾನು ಅಕ್ಷರ ಎಣಿಸಿ ಎಣಿಸಿ ಪುಟವನ್ನು ಕತ್ತರಿಸುತ್ತಿದ್ದೆ. ಯಾರಾದರೂ ಒಂದು ಖಾಲಿ ಜಾಗ ಹೆಚ್ಚಿಗೆ ಬಿಟ್ಟರೂ ಎಲ್ಲ ಕೆಟ್ಟುಹೋಗುತ್ತಿತ್ತು. ಆಮೇಲೆ ಲೈಬ್ರರಿ ಬಂತು. ಪುಸ್ತಕದ ಲೈಬ್ರರಿಯಲ್ಲ. ಬೇರೆ ಯಾರೋ ಬರೆದಿಟ್ಟಿರುವ ಪ್ರೋಗ್ರಾಮು, ಅದನ್ನು ನಾವು ಎರವಲು ತಂದು ಬಳಸುವುದು. ಅದರ ಕೈಗೆ ಪುಟ ಕೊಟ್ಟರೆ ಟ್ಯಾಗುಗಳನ್ನೆಲ್ಲ ಓದಿ, ಮರದ ಕೊಂಬೆ ರೆಂಬೆಗಳ ಹಾಗೆ ಬಿಡಿಸಿ ಇಡುತ್ತದೆ. ಎರಡನೇ ಪಟ್ಟಿಯ ಮೂರನೇ ಮನೆಯಲ್ಲಿ, ಅಂದರೆ ಮೂರನೇ ಚೌಕದಲ್ಲಿ, ಏನಿದೆ ಎಂದು ಕೇಳಿದರೆ ಹೇಳುತ್ತದೆ. ಮುರುಕು ಟ್ಯಾಗುಗಳನ್ನೂ ತಾನೇ ಸರಿಮಾಡಿಕೊಂಡು ಓದುತ್ತದೆ. ಅದನ್ನು ಮೊದಲ ಸಲ ನೋಡಿದ ದಿನ ನನಗೆ ಅಳು ಬರುವಷ್ಟು ಖುಷಿಯಾಯಿತು. ಆ ಖುಷಿ ಒಂದು ವಾರ ಇತ್ತು.

ನಮಗೆ ಬಹಳ ಮುಖ್ಯವಾದ ಪುಟ ಕಣ್ಣಿನ ಕ್ಯಾಂಪಿನದು. ಕೆಳಗಿನ ಪೇಟೆಯ ಒಂದು ಟ್ರಸ್ಟು ಆ ಕ್ಯಾಂಪುಗಳನ್ನು ನಡೆಸುತ್ತಿತ್ತು. ಡಾಕ್ಟರು ಬೆಟ್ಟಕ್ಕೆ ಬಂದು ನೋಡಿ, ಪೊರೆ ಬಂದವರನ್ನು ವ್ಯಾನಿನಲ್ಲಿ ಕರೆದುಕೊಂಡು ಹೋಗಿ, ಆಪರೇಶನ್ ಮಾಡಿ ವಾಪಸ್ಸು ಬಿಡುತ್ತಿದ್ದರು. ಯಾವ ಊರಿಗೆ ಯಾವತ್ತು ಎಂಬ ಪಟ್ಟಿ ಅವರ ಪುಟದಲ್ಲಿ ಇರುತ್ತಿತ್ತು. ಆ ಪುಟ ನನ್ನ ಆಯುಸ್ಸಿನ ಎಷ್ಟು ಭಾಗವನ್ನು ತಿಂದಿತೋ ಲೆಕ್ಕವಿಲ್ಲ.

ಮೊದಲನೆಯದಾಗಿ ಅದರ ತಮಿಳು ತಮಿಳೇ ಅಲ್ಲ. ಹಳೆಯ ಫಾಂಟಿನಲ್ಲಿ ಟೈಪು ಮಾಡಿದ್ದರು. ಕಣ್ಣಿಗೆ ಕಾಣುವುದು ತಮಿಳು, ಹಿಂದೆ ಇರುವುದು ಇಂಗ್ಲಿಷ್ ಅಕ್ಷರಗಳು. ಲೈಬ್ರರಿ ಓದಿದಾಗ ತಾಳವಾಡಿ ಎಂಬಲ್ಲಿ ಜೆ, ಎಚ್, ಎಸ್, ಟಿ, ಎಚ್, ಬಿ ಎಂದು ಬಂತು. ಎರಡು ದಿನ ಕಂಪ್ಯೂಟರಿಗೆ ಏನೋ ಆಗಿದೆ ಎಂದುಕೊಂಡು ಅದನ್ನು ಆರಿಸಿ ಹಚ್ಚಿ ಮಾಡಿದೆ. ಕೊನೆಗೆ ಪ್ರತಿ ಅಕ್ಷರಕ್ಕೂ ಯಾವುದು ಯಾವುದು ಎಂದು ನಾನೇ ಕೋಷ್ಟಕ ಮಾಡಿ ಬದಲಾಯಿಸಿಕೊಂಡೆ. ಆ ಕೋಷ್ಟಕ ಮುಗಿದು ಸರಿಯಾಗಿ ಓದತೊಡಗಿದ ತಿಂಗಳಲ್ಲೇ ಅವರು ಫಾಂಟು ಬದಲಾಯಿಸಿದರು.

ಎರಡನೆಯದು ಕೂಡಿಸಿದ ಮನೆಗಳು. ಒಂದೇ ಊರಿಗೆ ಮೂರು ಕ್ಯಾಂಪಿದ್ದರೆ ಪಟ್ಟಿಯಲ್ಲಿ ಊರಿನ ಹೆಸರನ್ನು ಒಂದೇ ಸಲ ಬರೆದು, ಮೂರು ಸಾಲಿಗೂ ಸೇರುವಂತೆ ಆ ಮನೆಯನ್ನು ಉದ್ದ ಎಳೆದುಬಿಟ್ಟರು. ನೋಡುವವರಿಗೆ ಚೆಂದ. ಹಿಂದೆ ಮಾತ್ರ ಎರಡನೇ ಸಾಲಿಗೂ ಮೂರನೇ ಸಾಲಿಗೂ ಊರೇ ಇಲ್ಲ. ಊರಿರಬೇಕಾದ ಜಾಗಕ್ಕೆ ಡಾಕ್ಟರ ಹೆಸರು ಜರುಗಿ ಬಂತು. ಡಾಕ್ಟರ ಹೆಸರನ್ನು ನಾನು ಯಾವತ್ತೂ ಧ್ವನಿಮುದ್ರಣ ಮಾಡಿರಲಿಲ್ಲ. ಅವತ್ತು ಬೆಟ್ಟದ ಮನೆಗಳಿಗೆಲ್ಲ ಫೋನು ಹೋಯಿತು. ನನ್ನ ದನಿ ಕಣ್ಣಿನ ಕ್ಯಾಂಪು ನಡೆಯುತ್ತದೆ ಎಂದು ಹೇಳಿ, ಊರು ಹೇಳಬೇಕಾದಲ್ಲಿ ಸುಮ್ಮನಾಗಿ, ಆಮೇಲೆ ತಪ್ಪದೆ ಬನ್ನಿ ಎಂದಿತು. ಮಾರನೇ ದಿನ ಬಸ್‌ಸ್ಟಾಂಡಿನಲ್ಲಿ ನಮ್ಮೂರಿನ ಹಿರಿಯರೊಬ್ಬರು ನನ್ನನ್ನು ನಿಲ್ಲಿಸಿ, “ಎಲ್ಲಿಗೆ ಅಂತ ಯೋಳ್ದೆ ಬನ್ನಿ ಬನ್ನಿ ಅಂತೀಯಲ್ಲವ್ವ, ಎಲ್ಲಿಗ್ ಬರನ?” ಎಂದು ಕೇಳಿದರು. ನಗು ಬಂದರೂ ನಗುವ ಹಾಗಿರಲಿಲ್ಲ.

ಇದರಿಂದ ನಾನೊಂದು ಪದ್ಧತಿ ಮಾಡಿಕೊಂಡೆ. ಬೆಳಗ್ಗೆ ಪ್ರೋಗ್ರಾಮು ಪುಟವನ್ನು ಓದಿದ ಮೇಲೆ, ಅದು ಓದಿದ್ದನ್ನೂ ಪುಟವನ್ನೂ ಪಕ್ಕಪಕ್ಕ ಇಟ್ಟು ನಾನು ಕಣ್ಣಾಡಿಸಬೇಕು. ಸರಿ ಇದ್ದರೆ ಮಾತ್ರ ಫೋನು ಹೋಗಬೇಕು. ಚನ್ನಬಸಪ್ಪನವರಿಗೆ ಇದು ಹಿಡಿಸಲಿಲ್ಲ.

ಅವರು ಕೆಟ್ಟವರಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಸಂಘಕ್ಕೆ ಜಾಗ ತಂದುಕೊಟ್ಟವರು, ಕರೆಂಟು ಹೋದಾಗ ಜನರೇಟರಿಗೆ ಓಡಾಡಿದವರು ಅವರೇ. ಆದರೆ ಒಂದು ಮಾತು ತಲೆಗೆ ಹೊಕ್ಕರೆ ಅದನ್ನು ಯಾರಿಂದಲೂ ತೆಗೆಯಲಾಗುತ್ತಿರಲಿಲ್ಲ. ನೋಡಲು ಬಂದವರಿಗೆಲ್ಲ ನಮ್ಮಲ್ಲಿ ಎಲ್ಲವೂ ಆಟೋಮ್ಯಾಟಿಕ್ ಎಂದು ಹೇಳಿಕೊಂಡಿದ್ದರು. ನಾನು ಕಣ್ಣಾಡಿಸುವುದನ್ನು ಹಾಗೆ ಬಂದವರೊಬ್ಬರು ನೋಡಿಬಿಟ್ಟರಂತೆ. ಚನ್ನಬಸಪ್ಪನವರು ನನ್ನನ್ನು ಒಳಗೆ ಕರೆದರು.

“ನೀವೇ ಕುಂತ್ಕಂಡು ನೋಡದಾದ್ರ ಮಿಷನ್ ಯಾಕಮ್ಮ?”

ಪುಟ ಬದಲಾಗುತ್ತಲೇ ಇರುತ್ತದೆ, ಲೈಬ್ರರಿಗೆ ಟ್ಯಾಗು ಗೊತ್ತಾಗುತ್ತದೆಯೇ ಹೊರತು ಅರ್ಥ ಗೊತ್ತಾಗುವುದಿಲ್ಲ ಎಂದು ವಿವರಿಸಿದೆ. ಬರೀ ಓದುವುದು ಅದರ ಕೆಲಸ, ಓದಿದ್ದು ಸರಿಯೋ ತಪ್ಪೋ ಎಂದು ನೋಡುವುದು ನಮ್ಮ ಕೆಲಸ ಎಂದೆ. ನಾನು ಮಾತಾಡುತ್ತಿದ್ದಷ್ಟು ಹೊತ್ತೂ ಅವರು ತಲೆಯಾಡಿಸುತ್ತಿದ್ದರು. ಮಾತು ಮುಗಿದ ಮೇಲೆ, ಮುಂದಿನ ವಾರದಿಂದ ಎಲ್ಲವೂ ತಾನಾಗೇ ಹೋಗಲಿ ಎಂದು ಹೇಳಿ ಎದ್ದರು. ನಾನು ಬರೆದೂ ಕೊಟ್ಟೆ. ಅರ್ಜಿಗೆ ನಮ್ಮ ಕಡೆ ಮನು ಎನ್ನುತ್ತೇವೆ. ಮನು ತೆಗೆದುಕೊಂಡು ಮೇಜಿನ ಖಾನೆಯಲ್ಲಿ ಇಟ್ಟರು. ಆ ಖಾನೆಗೆ ಹೋದ ಯಾವ ಮನುವೂ ಹೊರಗೆ ಬಂದದ್ದನ್ನು ನಾನು ಕಾಣೆ. ನಾನು ಕಣ್ಣಾಡಿಸುವುದು ನಿಂತಿತು, ಫೋನು ತಾನಾಗೇ ಹೋಗತೊಡಗಿತು.

ದೀಪಾವಳಿ ಮುಗಿದು ಗುಮಟಾಪುರದಲ್ಲಿ ಸಗಣಿ ಹಬ್ಬ. ಚನ್ನಬಸಪ್ಪನವರ ಸ್ವಂತ ಊರು ಅದು. ಕಚೇರಿಗೆ ಬೀಗ ಹಾಕಿ ಎಲ್ಲರೂ ಅಲ್ಲಿಗೆ ಹೋಗಿದ್ದೆವು. ಗಂಡಸರು ಸಗಣಿ ಉಂಡೆ ಕಟ್ಟಿ ಒಬ್ಬರಿಗೊಬ್ಬರು ಎಸೆಯುತ್ತಿದ್ದರೆ ನಾವು ಹೆಂಗಸರು ಒಂದು ಮನೆಯ ಮೇಲೆ ನಿಂತು ನೋಡುತ್ತಿದ್ದೆವು. ನನ್ನ ಪಕ್ಕದಲ್ಲಿದ್ದ ಹೆಂಗಸಿನ ಫೋನು ರಿಂಗಾಯಿತು. ಕಿವಿಗಿಟ್ಟುಕೊಂಡವಳು ನನ್ನ ಕಡೆ ನೋಡಿ ನಗುತ್ತಾ, ನೀನು ಇಲ್ಲೇ ಇದ್ದೀಯ, ಫೋನಿನಲ್ಲೂ ಇದ್ದೀಯ ಎಂದಳು. ನಾಳೆ ತಾಳವಾಡಿಯಲ್ಲಿ ಕಣ್ಣಿನ ಕ್ಯಾಂಪು, ತಲೆಗೆ ಸ್ನಾನ ಮಾಡಿ, ಎರಡು ಜೊತೆ ಬಟ್ಟೆ ತನ್ನಿ ಎಂದು ನನ್ನ ದನಿ ಹೇಳುತ್ತಿತ್ತು. ಕ್ಯಾಂಪಿನ ತಾರೀಕು ಮೊದಲೇ ಪಟ್ಟಿಯಲ್ಲಿ ಇದ್ದದ್ದೇ, ನಾನು ಬೇರೆ ಯೋಚನೆ ಮಾಡಲಿಲ್ಲ.

ಮಾರನೇ ಬೆಳಗ್ಗೆ ಬಸ್ಸಿಳಿದು ಬರುವಾಗ ಸಮುದಾಯ ಭವನದ ಮುಂದೆ ಜನ ಕೂತಿದ್ದರು. ಎಲ್ಲ ಊರುಗಳಿಂದಲೂ ಬಂದಿದ್ದರು. ಮುದುಕರು, ಮುದುಕಿಯರು. ಒದ್ದೆ ತಲೆಗೆ ಬಟ್ಟೆ ಕಟ್ಟಿಕೊಂಡು, ಮಡಿಲಲ್ಲಿ ಚೀಲ ಇಟ್ಟುಕೊಂಡು. ಕೈ ಹಿಡಿದು ಕರೆತಂದ ಸೊಸೆಯರು ಕೂಲಿ ಬಿಟ್ಟು ಬಂದಿದ್ದರು. ವ್ಯಾನು ಇಲ್ಲ, ಡಾಕ್ಟರು ಇಲ್ಲ. ನಾನು ಕಚೇರಿಗೆ ಓಡಿ ಪುಟ ತೆರೆದೆ.

ಪುಟದಲ್ಲಿ ತಾಳವಾಡಿ ಎಂಬುದರ ಎದುರಿಗೆ ಎರಡು ತಾರೀಕು ಇತ್ತು. ಮೊದಲನೆಯದರ ಮೇಲೆ ಅಡ್ಡ ಗೀಟು ಎಳೆದಿತ್ತು. ಅದರ ಪಕ್ಕದಲ್ಲಿ ಮುಂದಿನ ವಾರದ ತಾರೀಕು. ಯಾರೇ ನೋಡಿದರೂ ಒಂದು ಕ್ಷಣದಲ್ಲಿ ಗೊತ್ತಾಗುತ್ತಿತ್ತು, ಕ್ಯಾಂಪು ಮುಂದಕ್ಕೆ ಹೋಗಿದೆ ಎಂದು. ಆದರೆ ಗೀಟೆಂಬುದು ಹಿಂದೆ ಒಂದು ಟ್ಯಾಗು ಮಾತ್ರ. ಟ್ಯಾಗು ಬಿಟ್ಟು ಅಕ್ಷರ ಕೊಡು ಎಂದರೆ ಲೈಬ್ರರಿ ಹಾಗೇ ಮಾಡುತ್ತದೆ. ಗೀಟು ಉದುರಿ ಹೋಯಿತು. ತಾರೀಕು ಉಳಿಯಿತು. ಮೊದಲು ಸಿಕ್ಕ ತಾರೀಕನ್ನು ಪ್ರೋಗ್ರಾಮು ತೆಗೆದುಕೊಂಡಿತು. ಅದು ಕೊಟ್ಟ ಕೆಲಸವನ್ನು ಕೊಟ್ಟ ಹಾಗೇ ಮಾಡಿತ್ತು. ಅದೇ ನನಗೆ ಹೆಚ್ಚು ಸಿಟ್ಟು ಬರಿಸಿದ್ದು, ಬೈಯುವುದಕ್ಕೂ ಯಾರೂ ಇಲ್ಲ.

ಅಷ್ಟರಲ್ಲಿ ಚನ್ನಬಸಪ್ಪನವರು ಬಂದರು. ಕಿವಿಯ ಹಿಂದೆ ಹಿಂದಿನ ದಿನದ ಸಗಣಿ ಇನ್ನೂ ಒಣಗಿ ಅಂಟಿಕೊಂಡಿತ್ತು. ತೋರಿಸಿದೆ. ಟ್ರಸ್ಟಿನವರು ಕಡೇ ಗಳಿಗೆಯಲ್ಲಿ ಕೈಕೊಟ್ಟರು ಎಂದು ಹೇಳಿ ಜನರನ್ನು ಕಳಿಸಿಬಿಡಿ ಎಂದರು. ಅದು ಸುಳ್ಳು ಎಂದೆ. ಹಾಗಾದರೆ ನಿಮಗೆ ತೋಚಿದ್ದನ್ನು ಹೇಳಿ ಎಂದು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ನಾನು ಹೋಗಿ ನಿಂತು, ಕ್ಯಾಂಪು ಮುಂದಿನ ವಾರಕ್ಕೆ ಹೋಗಿದೆ, ಪುಟದಲ್ಲಿ ಬದಲಾಗಿತ್ತು, ನಮ್ಮ ಕಂಪ್ಯೂಟರು ತಪ್ಪಾಗಿ ಓದಿತು ಎಂದು ಹೇಳಿದೆ. ಜನ ಬೈಯುತ್ತಾರೆ ಎಂದುಕೊಂಡಿದ್ದೆ. ಯಾರೂ ಬೈಯಲಿಲ್ಲ. ಕೆಲವರು ಎದ್ದು ಚೀಲ ಹೆಗಲಿಗೆ ಹಾಕಿಕೊಂಡರು. ನಮ್ಮೂರಿನ ಕೆಂಪಮ್ಮ ಮಾತ್ರ ಕೂತೇ ಇದ್ದಳು. ಹೊಲದ ಕೂಲಿ ಮಾಡಿಕೊಂಡೇ ಬದುಕಿದವಳು. ಒಂದು ಕಣ್ಣು ಆಗಲೇ ಹೋಗಿತ್ತು, ಇನ್ನೊಂದರಲ್ಲಿ ಹಗಲು ಬೆಳಕು ಕಾಣುವಷ್ಟು ಮಾತ್ರ ಉಳಿದಿತ್ತು. ನನ್ನ ದನಿ ಬಂದ ಕಡೆಗೆ ಮುಖ ಮಾಡಿ ಹೇಳಿದಳು.

“ನಾ ಪೋನ ನಂಬ್ಕಂಡು ಬರ್ನಿಲ್ಲ ಕಣವ್ವ. ನಿನ್ನ ದನಿ ನಂಬ್ಕಂಡು ಬಂದೆ.”

ಆಟೋ ಕರೆಸಿ ಅವಳನ್ನೂ ಇನ್ನಿಬ್ಬರನ್ನೂ ಊರಿಗೆ ಕಳಿಸಿದೆ. ಆ ದಿನ ನನಗೆ ಬಂದ ಸಿಟ್ಟು ಯಾರ ಮೇಲೆ ಎಂದು ಈಗಲೂ ಸರಿಯಾಗಿ ಹೇಳಲಾರೆ. ಪುಟದ ಮೇಲೆ, ಕಾರ್ಯದರ್ಶಿಯ ಮೇಲೆ, ನನ್ನ ದನಿಯನ್ನು ನನ್ನಿಂದ ಬಿಡಿಸಿಕೊಂಡು ಹೋಗಿ ಬೇಕಾದ್ದು ಹೇಳಿಸಿದ ಆ ಪ್ರೋಗ್ರಾಮಿನ ಮೇಲೆ.

ಮುಂದಿನ ವಾರದ ಕ್ಯಾಂಪಿಗೆ ಫೋನು ಹೋಯಿತು. ಬಂದವರು ಬಹಳ ಕಡಿಮೆ. ಕೆಂಪಮ್ಮ ಬರಲಿಲ್ಲ. ಕ್ಯಾಂಪು ನಡೆಯುತ್ತಿರುವಾಗಲೇ ಸ್ಕೂಟರು ಹತ್ತಿ ನಾನೇ ಅವಳ ಮನೆಗೆ ಹೋದೆ. ಜೋಳ ಬಿಡಿಸುತ್ತಾ ಕೂತಿದ್ದಳು. ಇನ್ನೊಂದು ಸಲ ಸುಮ್ಮನೆ ಹೋಗಿ ಬರಲು ಸೊಸೆಗೆ ಪುರುಸೊತ್ತಿಲ್ಲ ಎಂದಳು. ನಾನು ಪಕ್ಕದಲ್ಲಿ ಕೂತು ಒಂದಷ್ಟು ತೆನೆ ಬಿಡಿಸಿದೆ. ಈ ಸಲ ನಾನೇ ಕರೆದುಕೊಂಡು ಹೋಗುತ್ತೇನೆ, ಡಾಕ್ಟರು ಇನ್ನೂ ಅಲ್ಲೇ ಕೂತಿದ್ದಾರಾ ಎಂದು ಫೋನಿನಲ್ಲಿ ಕೇಳಿ ಆಮೇಲೆ ಹೊರಡೋಣ ಎಂದೆ. ಕೈಲಿದ್ದ ತೆನೆ ಬಿಡಿಸಿ ಮುಗಿಸಿ, ಸೀರೆ ಬದಲಾಯಿಸಿಕೊಂಡು ಬರುತ್ತೇನೆ ಎಂದು ಎದ್ದಳು. ನನ್ನ ಗಾಡಿಯ ಹಿಂದೆ ಕೂರಿಸಿಕೊಂಡು ಹೋದೆ. ಅವಳ ಆಪರೇಶನ್ ಆಯಿತು, ಕಣ್ಣು ಬಂತು. ಬರದೇ ಉಳಿದ ಬೇರೆಯವರ ವಿಷಯ ನಾನು ಹೇಳಲಾರೆ. ಎಲ್ಲರ ಮನೆಗೂ ಗಾಡಿ ತೆಗೆದುಕೊಂಡು ಹೋಗಲು ನನ್ನಿಂದಾಗಲಿಲ್ಲ.

ಅದಾದ ಮೇಲೆ ನಾನು ಒಂದು ನಿರ್ಧಾರ ಮಾಡಿದೆ. ಈ ಪುಟವನ್ನು ಬರೆಯುವ ಮಹಾನುಭಾವರು ಯಾರು ಎಂದು ಒಮ್ಮೆ ಕಣ್ಣಿಂದ ನೋಡಬೇಕು. ರಜೆ ಹಾಕಿ ಬಸ್ಸು ಹತ್ತಿದೆ. ಘಾಟಿಯ ನೆತ್ತಿಯ ದಿಂಬಂನಲ್ಲಿ ಟೀ ಕುಡಿಯುವಾಗಲೂ, ತಿರುವುಗಳಲ್ಲಿ ಬಸ್ಸು ಇಳಿಯುವಾಗಲೂ ಏನೇನು ಬೈಯಬೇಕೆಂದು ತಮಿಳಿನಲ್ಲಿ ಜೋಡಿಸಿಕೊಳ್ಳುತ್ತಿದ್ದೆ. ಒಳ್ಳೆಯ ಮಾತುಗಳೇ ಸಿಕ್ಕಿದ್ದವು.

ಟ್ರಸ್ಟಿನ ಕಚೇರಿಯಲ್ಲಿ ವೆಬ್‌ಸೈಟ್ ನೋಡಿಕೊಳ್ಳುವವರು ಯಾರು ಎಂದು ಕೇಳಿದರೆ, ಮೆಟ್ಟಿಲ ಕೆಳಗಿನ ಒಂದು ಇಕ್ಕಟ್ಟಾದ ಜಾಗ ತೋರಿಸಿದರು. ಅಲ್ಲಿ ಒಬ್ಬ ಹೆಂಗಸು ಒಂದು ಕೈಯಲ್ಲಿ ಫೋನು, ಇನ್ನೊಂದು ಕೈಯಲ್ಲಿ ಮೌಸು ಹಿಡಿದು ಕೂತಿದ್ದಳು. ಫೋನಿನಲ್ಲಿ ಯಾರೋ ಅವಳನ್ನು ಗದರುತ್ತಿದ್ದರು. ಹೆಸರು ಸೆಲ್ವಿ. ನನಗಿಂತ ನಾಲ್ಕಾರು ವರ್ಷ ಚಿಕ್ಕವಳಿರಬಹುದು. ಫೋನು ಇಟ್ಟು, ಏನಕ್ಕಾ ಎಂದು ಕೇಳಿದಳು. ಜೋಡಿಸಿಕೊಂಡು ಬಂದಿದ್ದ ಮಾತುಗಳೆಲ್ಲ ಎಲ್ಲಿ ಹೋದವೋ. ಬೆಟ್ಟದಿಂದ ಬಂದಿದ್ದೇನೆ, ನಿಮ್ಮ ಪುಟ ಓದುತ್ತೇನೆ ಎಂದಷ್ಟೇ ಹೇಳಿದೆ.

ಅವಳು ಕುರ್ಚಿ ಎಳೆದು ಕೂರಿಸಿದಳು. ಆ ಪುಟವನ್ನು ಯಾರಾದರೂ ಓದುತ್ತಾರೆಂದು ತನಗೆ ಇದುವರೆಗೂ ಗೊತ್ತೇ ಇರಲಿಲ್ಲ ಎಂದಳು. ನಾನು ನಡೆದದ್ದನ್ನು ಹೇಳಿದೆ. ಗೀಟಿನ ವಿಷಯ ಬಂದಾಗ ಅವಳ ಮುಖ ಸಣ್ಣಗಾಯಿತು. ತಾರೀಕು ಅಳಿಸಿದರೆ, ಮೊದಲು ಹಾಕಿದ್ದ ಕ್ಯಾಂಪು ಎಲ್ಲಿ ಹೋಯಿತು ಎಂದು ದಾನ ಕೊಡುವವರು ಕೇಳುತ್ತಾರೆ, ಅಳಿಸಬೇಡ, ಗೀಟು ಎಳೆ ಎಂದು ಮೇಲಿನವರ ಆಜ್ಞೆಯಂತೆ. ಅವಳು ತಮಿಳಿನಲ್ಲಿ ಹೇಳಿದ ಒಂದು ಮಾತನ್ನು ಕನ್ನಡದಲ್ಲಿ ಹೇಳುತ್ತೇನೆ.

“ಕಣ್ಣಿರೋರಿಗೆ ಗೀಟು ಕಾಣುತ್ತೆ ಅಂದುಕೊಂಡೆ ಅಕ್ಕಾ. ಕಣ್ಣಿಲ್ಲದ್ದು ಓದುತ್ತೆ ಅಂತ ಯಾರು ಹೇಳಿದ್ರು ನನಗೆ?”

ಯಾರೂ ಹೇಳಿರಲಿಲ್ಲ. ನಾನೂ ಹೇಳಿರಲಿಲ್ಲ. ಅಷ್ಟು ವರ್ಷ ಆ ಪುಟವನ್ನು ಬಗೆದು ಬಗೆದು ನೋಡಿದವಳಿಗೆ, ಅದರ ಆಚೆ ಬದಿಯಲ್ಲಿ ಒಬ್ಬಳು ಕೂತಿದ್ದಾಳೆ, ಅವಳಿಗೆ ಒಂದು ಫೋನು ಮಾಡಬಹುದು ಎಂದು ಹೊಳೆದಿರಲಿಲ್ಲ.

ಇಬ್ಬರೂ ಕೂತು ಒಂದು ಏರ್ಪಾಡು ಮಾಡಿದೆವು. ಪಟ್ಟಿಯ ಕೊನೆಗೆ ಒಂದು ಮನೆ ಹೆಚ್ಚಿಗೆ ಹಾಕುವುದು. ಕ್ಯಾಂಪು ನಿಂತರೆ ಅಲ್ಲಿ ರದ್ದು ಎಂದು ಬರೆಯುವುದು. ರದ್ದು ಎಂಬ ಮಾತು ತಮಿಳಿಗೂ ಕನ್ನಡಕ್ಕೂ ಒಂದೇ. ಹೊಸ ತಾರೀಕಿಗೆ ಹೊಸ ಸಾಲು. ಊರಿನ ಹೆಸರು ಪ್ರತಿ ಸಾಲಿಗೂ ಬರೆಯುವುದು, ಮನೆಗಳನ್ನು ಉದ್ದ ಎಳೆಯಬಾರದು. ಅವಳು ಎಲ್ಲಕ್ಕೂ ಒಪ್ಪಿದಳು. ಹೊರಡುವಾಗ ನಂಬರು ಕೊಟ್ಟು, ಏನಾದರೂ ಬದಲಾಯಿಸಿದರೆ ಮೊದಲು ತಿಳಿಸುತ್ತೇನೆ ಎಂದಳು.

ಇಲ್ಲಿಗೆ ಕಷ್ಟ ಮುಗಿಯಿತು ಎಂದುಕೊಂಡರೆ ನಿಮಗೆ ಈ ಕೆಲಸ ಇನ್ನೂ ಅರ್ಥವಾಗಿಲ್ಲ. ಸೆಲ್ವಿ ಒಂದು ದಿನ ರದ್ದು ಎಂದು ಬರೆದಳು. ಇನ್ನೊಂದು ದಿನ ರದ್ದು ಮಾಡಲಾಗಿದೆ ಎಂದಳು. ಮತ್ತೊಂದು ದಿನ ಮುಂದೊಂದು ಖಾಲಿ ಜಾಗ ಬಿಟ್ಟು ರದ್ದು ಎಂದಳು. ಅವಳು ರಜೆ ಇದ್ದಾಗ ಕೂತವರು ಆ ಮನೆಯಲ್ಲಿ ಒಂದು ಕೆಂಪು ಇಂಟು ಗುರುತಿನ ಚಿತ್ರ ಹಾಕಿದರು. ಪ್ರತಿ ಸಲವೂ ನಾನು ಪ್ರೋಗ್ರಾಮಿಗೆ ಒಂದು ಸಾಲು ಸೇರಿಸಿದೆ. ಫೋನು ಮಾಡಿ ಬೈದೆ. ಅವಳೂ ಬೈದಳು. ನಿನ್ನ ಲೈಬ್ರರಿಗೆ ಇಷ್ಟೂ ಗೊತ್ತಾಗುವುದಿಲ್ಲವೇ ಎಂದು ಕೇಳಿದಳು. ಹೀಗೆ ಬೈದಾಡಿಕೊಂಡೇ ಬಹಳ ಕಾಲ ಒಂದು ತಪ್ಪು ಫೋನೂ ಬೆಟ್ಟಕ್ಕೆ ಹೋಗಲಿಲ್ಲ. ನಾನು ಕಣ್ಣಾಡಿಸುವುದನ್ನೂ ಮತ್ತೆ ಶುರು ಮಾಡಿದ್ದೆ. ಚನ್ನಬಸಪ್ಪನವರು ಬರುವ ಮೊದಲೇ ಮುಗಿಸಿಬಿಡುತ್ತಿದ್ದೆ. ಅವರಿಗೆ ಗೊತ್ತಿತ್ತು ಎಂದು ನನ್ನ ಅನುಮಾನ. ಸಮುದಾಯ ಭವನದ ದಿನದ ನಂತರ ಅವರು ಸ್ವಲ್ಪ ತಡವಾಗಿಯೇ ಬರತೊಡಗಿದ್ದರು.

ನನ್ನ ಕೊನೆಯ ವರ್ಷದಲ್ಲಿ ಟ್ರಸ್ಟಿನವರು ವೆಬ್‌ಸೈಟನ್ನು ಹೊಸದಾಗಿ ಮಾಡಿಸಿದರು. ಯಾವುದೋ ಕಂಪನಿಗೆ ಗುತ್ತಿಗೆ ಕೊಟ್ಟರು. ಬಣ್ಣ, ಚಿತ್ರ, ತಾನೇ ಜರುಗುವ ಪಟ್ಟಿ, ಎಲ್ಲ ಬಂತು. ಅದರಲ್ಲಿ ಬರೆಯುವ ಅಧಿಕಾರ ಸೆಲ್ವಿಯ ಕೈ ತಪ್ಪಿತು. ನಾನು ಹೊಸ ಪುಟವನ್ನು ಲೈಬ್ರರಿಗೆ ಕೊಟ್ಟೆ. ಅದಕ್ಕೆ ಪಟ್ಟಿ ಸಿಗಲಿಲ್ಲ, ಊರು ಸಿಗಲಿಲ್ಲ, ತಾರೀಕು ಸಿಗಲಿಲ್ಲ. ಸಿಕ್ಕಿದ್ದು ಒಂದೇ ಮಾತು: ದಯವಿಟ್ಟು ಕಾಯಿರಿ.

ಕಾರಣ ಇಷ್ಟೇ. ಹೊಸ ಪುಟದಲ್ಲಿ ಬರುವುದು ಬರೀ ಖಾಲಿ ಚೌಕಟ್ಟು. ಅದು ನಿಮ್ಮ ಪರದೆಗೆ ಬಂದ ಮೇಲೆ, ಬೇರೆ ಕಡೆಯಿಂದ ಮಾಹಿತಿ ತರಿಸಿಕೊಂಡು ತನ್ನನ್ನು ತಾನೇ ತುಂಬಿಕೊಳ್ಳುತ್ತದೆ. ಲೈಬ್ರರಿ ಓದುವುದು ತುಂಬುವ ಮೊದಲಿನ ಪುಟವನ್ನು. ಅದು ಎಷ್ಟು ಕಾದರೂ ಪ್ರಯೋಜನವಿಲ್ಲ. ಬ್ರೌಸರನ್ನೇ ಓಡಿಸಿ ಓದುವ ಬೇರೆ ದಾರಿಗಳಿದ್ದವು, ನಮ್ಮ ಕಂಪ್ಯೂಟರು ಅದಕ್ಕೆ ಸಾಲುತ್ತಿರಲಿಲ್ಲ. ಚನ್ನಬಸಪ್ಪನವರಿಗೆ ಹೇಳಿದೆ. ಮನು ಕೊಡಿ ಎಂದರು. ಕೊಟ್ಟೆ. ಖಾನೆಗೆ ಹೋಯಿತು. ಮತ್ತೆ ಹೇಳಿದೆ. ಎಲ್ಲ ಸರಿಯಾಗೇ ಹೋಗುತ್ತಿದೆಯಲ್ಲ, ಫೋನು ಬರುತ್ತಿದೆ ಎಂದು ಜನ ಹೇಳುತ್ತಾರಲ್ಲ ಎಂದರು.

ಫೋನು ಹೋಗುತ್ತಿದ್ದುದು ಹೇಗೆಂದರೆ, ಸೆಲ್ವಿ ತನ್ನ ಊಟದ ಬಿಡುವಿನಲ್ಲಿ ಡಾಕ್ಟರ ಕೋಣೆಗೆ ಹೋಗಿ, ಕ್ಯಾಂಪಿನ ತಾರೀಕು ಕೇಳಿಕೊಂಡು, ನನಗೆ ಫೋನು ಮಾಡುತ್ತಿದ್ದಳು. ಅದು ಅವಳ ಕೆಲಸವೇ ಆಗಿರಲಿಲ್ಲ. ನಾನು ಅದನ್ನು ಕೈಯಲ್ಲೇ ಟೈಪು ಮಾಡುತ್ತಿದ್ದೆ. ಸೇರಿದ ದಿನ ಏನು ಮಾಡುತ್ತಿದ್ದೆನೋ ಹೋಗುವ ದಿನವೂ ಅದನ್ನೇ.

ಬೀಳ್ಕೊಡುಗೆಗೆ ಕಚೇರಿಯ ಮುಂದೆ ಶಾಮಿಯಾನ ಹಾಕಿಸಿದ್ದರು. ಊರಿನ ಹಿರಿಯರು, ಬೇರೆ ಸಂಘದವರು, ಕೆಳಗಿನ ಪೇಟೆಯಿಂದ ಒಬ್ಬರು ಅತಿಥಿ. ನನ್ನ ಜಾಗಕ್ಕೆ ಬಂದಿದ್ದ ಜ್ಯೋತಿ ಮುಂದಿನ ಸಾಲಿನಲ್ಲಿ ಕೂತಿದ್ದಳು. ತಾಳವಾಡಿಯ ಕೂಲಿಯವರ ಮನೆಯ ಹುಡುಗಿ, ಘಾಟಿ ಕೆಳಗಿನ ಸತ್ಯಮಂಗಲದಲ್ಲಿ ಓದಿದವಳು. ಚನ್ನಬಸಪ್ಪನವರು ಮೈಕು ಹಿಡಿದು, ಕಂಪ್ಯೂಟರಿಗೇ ಕಣ್ಣು ಕೊಟ್ಟ ತಾಯಿ ಎಂದು ನನ್ನನ್ನು ಹೊಗಳಿ ಹಾರ ಹಾಕಿಸಿದರು. ಇವತ್ತು ನಮ್ಮಲ್ಲಿ ಮನುಷ್ಯರ ಕೈ ಸೋಕದೆ ಸುದ್ದಿ ಹೋಗುತ್ತದೆ ಎಂದರು. ಅಷ್ಟಕ್ಕೇ ನಿಲ್ಲಿಸಿದ್ದರೆ ನಾನೂ ಕೈಮುಗಿದು ಹಾರದ ಸಮೇತ ಹೋಗಿಬಿಡುತ್ತಿದ್ದೆ. ಅತಿಥಿಗಳ ಕಣ್ಣೆದುರಿಗೇ ಈಗ ಓಡಿಸಿ ತೋರಿಸುತ್ತಾರೆ ಎಂದು ನನ್ನನ್ನು ಕರೆದರು.

ಗೋಡೆಯ ಮೇಲೆ ದೊಡ್ಡದಾಗಿ ಕಾಣುವ ಹಾಗೆ ಕಂಪ್ಯೂಟರನ್ನು ಜೋಡಿಸಿದ್ದರು. ನಾನು ಅವರ ಮುಖ ನೋಡಿದೆ. ಓಡಿಸಿ ಎಂದು ಸನ್ನೆ ಮಾಡಿದರು. ಓಡಿಸಿದೆ. ಗೋಡೆಯ ಮೇಲೆ ದಯವಿಟ್ಟು ಕಾಯಿರಿ ಎಂದು ಬಂತು. ಸಭೆ ಕಾದಿತು. ಅತಿಥಿಗಳು ಕೈಕಟ್ಟಿಕೊಂಡು ಕಾದರು. ಚನ್ನಬಸಪ್ಪನವರು ಮೈಕಿನಲ್ಲೇ, ಸ್ವಲ್ಪ ನಿಧಾನ ಆಗುತ್ತದೆ ಎಂದರು. ಮುಂದೆ ಕೂತಿದ್ದ ಒಬ್ಬರು ನಿದ್ದೆಗೆ ಜಾರಿದರು. ನನ್ನಿಂದ ಇನ್ನು ತಡೆಯಲಾಗಲಿಲ್ಲ.

“ಎಷ್ಟ್ ಕಾದ್ರೂ ಏನೂ ಬರಲ್ಲ ಸಾರ್. ತಿಂಗ್ಳುಗಳಿಂದ ಯೋಳ್ತಾ ಇವ್ನಿ. ಈಗ ಸುದ್ದಿ ಕೊಡ್ತಾ ಇರದು ಕೆಳಗಿನ ಸೆಲ್ವಿ, ಟೈಪ್ ಮಾಡ್ತಾ ಇರದು ನಾನು.”

ಮೈಕು ಹತ್ತಿರದಲ್ಲೇ ಇತ್ತು, ಎಲ್ಲರಿಗೂ ಕೇಳಿತು. ಚನ್ನಬಸಪ್ಪನವರು ಮೈಕನ್ನು ತಮ್ಮ ಕಡೆಗೆ ಎಳೆದುಕೊಂಡರು. ಆಮೇಲೆ ಟೀ ಬಂದಿದೆ, ಎಲ್ಲರೂ ಟೀ ತೆಗೆದುಕೊಳ್ಳಿ ಎಂದರು.

ಟೀ ಕುಡಿಯುತ್ತಾ ಎಲ್ಲರೂ ಹೊರಗೆ ನಿಂತಿದ್ದಾಗ ನಾನು ಲೋಟ ಹಿಡಿದು ಒಳಗೆ ಬಂದರೆ, ಜ್ಯೋತಿ ನನ್ನ ಕುರ್ಚಿಯಲ್ಲಿ ಕೂತು ಆ ಪುಟವನ್ನು ತೆರೆದಿದ್ದಳು. ಬ್ರೌಸರಿನ ಒಳಗಿನ ಯಾವುದೋ ಕಿಟಕಿ ತೆರೆದು, ಪುಟ ತನ್ನನ್ನು ತುಂಬಿಕೊಳ್ಳಲು ಎಲ್ಲಿಂದ ಮಾಹಿತಿ ತರಿಸಿಕೊಳ್ಳುತ್ತದೆ ಎಂದು ಹುಡುಕಿದಳು. ನನ್ನ ಲೋಟದ ಟೀ ಇನ್ನೂ ಬಿಸಿ ಇರುವಾಗಲೇ ಸಿಕ್ಕಿತು. ಊರು, ತಾರೀಕು, ಡಾಕ್ಟರು, ಒಂದರ ಕೆಳಗೊಂದು ಸ್ವಚ್ಛವಾಗಿ ಇತ್ತು. ಟ್ಯಾಗಿಲ್ಲ, ಕೂಡಿಸಿದ ಮನೆಯಿಲ್ಲ, ಫಾಂಟಿನ ಗೋಳಿಲ್ಲ. ಇದನ್ನು ನೇರವಾಗಿ ತೆಗೆದುಕೊಂಡರೆ ಪುಟವನ್ನೇ ಓದಬೇಕಾಗಿಲ್ಲ ಎಂದಳು. ನನಗೆ ಬಂದ ಸಿಟ್ಟಿಗೆ ಲೋಟವನ್ನು ಮೇಜಿನ ಮೇಲೆ ಕುಕ್ಕಿದೆ. ಈ ತಿಂಗಳುಗಳೆಲ್ಲ ಅದು ಅಲ್ಲೇ ಇತ್ತು. ನಾನು ಖಾಲಿ ಚೌಕಟ್ಟನ್ನು ಬಗೆಯುತ್ತಾ ಕೂತಿದ್ದೆ.

ಆಮೇಲೆ ಜ್ಯೋತಿ ಪರದೆಯನ್ನು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ನಿಧಾನವಾಗಿ ನೋಡಿದಳು. ಹುಬ್ಬು ಗಂಟಿಕ್ಕಿತು. ನನ್ನ ಕಡೆ ತಿರುಗಿದಳು.

“ಅಕ್ಕ, ಕ್ಯಾಂಪು ನಿಂತೋದ್ರ ಇದ್ರಲ್ಲಿ ಎಂಗೆ ಗೊತ್ತಾಯ್ತದ?”

ನಾನು ಬಗ್ಗಿ ನೋಡಿದೆ. ಊರಿತ್ತು, ತಾರೀಕಿತ್ತು. ರದ್ದು ಎಂಬುದಕ್ಕೆ ಜಾಗವೇ ಇರಲಿಲ್ಲ. ಗೊತ್ತಿಲ್ಲ ಕಣವ್ವ ಎಂದೆ.

ಹಾಗಾದರೆ ಇದನ್ನು ಇವತ್ತೇ ಹಚ್ಚುವುದು ಬೇಡ ಎಂದು ಅವಳು ಆ ಕಿಟಕಿಯನ್ನು ಮುಚ್ಚಿದಳು. ಸೆಲ್ವಿಯಕ್ಕನ ನಂಬರು ಕೊಡಿ, ಮೊದಲು ಅವರನ್ನು ಕೇಳುತ್ತೇನೆ ಎಂದು ತನ್ನ ಫೋನು ತೆಗೆದಳು. ಆ ನಂಬರು ನನಗೆ ಬಾಯಲ್ಲೇ ಇತ್ತು, ಹೇಳಿದೆ. ಆಚೆ ಕಡೆ ಸೆಲ್ವಿ ಎತ್ತಿಕೊಂಡದ್ದು, ಯಾರು ಎಂದು ಗದರಿದ್ದು ನನಗೂ ಕೇಳಿಸಿತು. ಜ್ಯೋತಿ ತಮಿಳಿನಲ್ಲಿ ತನ್ನ ಹೆಸರು ಹೇಳಿ, ಬೆಟ್ಟದಿಂದ ಮಾತಾಡುತ್ತಿದ್ದೇನೆ, ನಿಮ್ಮ ಪುಟ ಓದುವವಳು ಎಂದಳು.

ನಾನು ಹಾರವನ್ನು ಚೀಲದೊಳಗೆ ಹಾಕಿಕೊಂಡು ಪಣಕಹಳ್ಳಿಯ ಬಸ್ಸಿಗೆ ಹೊರಟೆ.